ಸಣ್ಣ ರಾಕ್ ಲೇಬಲ್‌ನಿಂದ ಆಲ್ಬಂ ಹೊರತರುವ ಬಗೆ: ಮೊದಲ ಮಾತುಕತೆಯಿಂದ ಲೆಕ್ಕ ಒಪ್ಪಿಸುವವರೆಗೆ

ಬ್ಯಾಂಡ್‌ಗಳ ಆಲ್ಬಂ ಹೊರತರುವ ನಮ್ಮ ಸಣ್ಣ ಸಂಸ್ಥೆಯ, ಎಂದರೆ ನಮ್ಮ ಲೇಬಲ್‌ನ, ಎರಡನೇ ಆಲ್ಬಂ ಬಿಡುಗಡೆಯಾದ ರಾತ್ರಿ ಬ್ಯಾಂಡ್ ವೇದಿಕೆಯ ಮೇಲಿತ್ತು, ಸಭಾಂಗಣ ತುಂಬಿತ್ತು, ರೆಕಾರ್ಡ್‌ಗಳು ಮಾತ್ರ ಬಂದಿರಲಿಲ್ಲ. ರೆಕಾರ್ಡ್ ಅಚ್ಚುಹಾಕುವ ಕಾರ್ಖಾನೆಯವರು ಅಂದಾಜಿಗೆ ಹೇಳಿದ ತಾರೀಖನ್ನೇ ನಾನು ಖಚಿತವೆಂದು ನಂಬಿ ಪೋಸ್ಟರ್ ಮಾಡಿಸಿಬಿಟ್ಟಿದ್ದೆ. ಪೆಟ್ಟಿಗೆಗಳು ಬಂದದ್ದು ಏಳು ವಾರ ತಡವಾಗಿ. ಆ ರಾತ್ರಿ ಕೊಳ್ಳಲೆಂದೇ ಬಂದವರಲ್ಲಿ ಹೆಚ್ಚಿನವರು ಮತ್ತೆ ಸಿಗಲಿಲ್ಲ. ಬ್ಯಾಂಡಿನ ಹುಡುಗರು ನನ್ನನ್ನು ಬೈಯಲೂ ಇಲ್ಲ, ಅದೇ ಹೆಚ್ಚು ನೋವು ಕೊಟ್ಟಿತು.

ಸಣ್ಣ ಲೇಬಲ್‌ಗೆ ಹಣದ ಬಲ ಇರುವುದಿಲ್ಲ. ಬ್ಯಾಂಡ್ ಇಟ್ಟ ನಂಬಿಕೆ, ಕೇಳುಗರು ಇಟ್ಟ ನಂಬಿಕೆ, ಇವೆರಡೇ ಅದರ ಬಂಡವಾಳ. ಇಷ್ಟು ವರ್ಷಗಳಲ್ಲಿ ನಾನು ಕಂಡಂತೆ ಆಲ್ಬಂ ಕೆಡುವುದು ಸಂಗೀತದಿಂದಲ್ಲ, ಮೊದಲೇ ಆಡಿ ಮುಗಿಸಬೇಕಿದ್ದ ಮಾತನ್ನು ಆಡದೆ ಬಿಟ್ಟದ್ದರಿಂದ. ಹಾಗಾಗಿ ಈ ಬರಹದಲ್ಲಿ ಪ್ರಚಾರಕ್ಕಿಂತ ಕಾಗದ, ಲೆಕ್ಕ, ಧ್ವನಿ, ಕ್ಯಾಲೆಂಡರ್‌ಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹೆಜ್ಜೆ 1: ಯಾವ ಆಲ್ಬಂ, ಯಾಕೆ

ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಈ ಆಲ್ಬಂ ಒಂದೇ ಒಂದು ಪ್ರತಿಯೂ ಮಾರಾಟವಾಗದಿದ್ದರೆ ಹೊರತಂದದ್ದಕ್ಕೆ ಬೇಸರಪಡುತ್ತೇನೆಯೇ? ಹೌದು ಎನಿಸಿದರೆ ಬಿಟ್ಟುಬಿಡಿ. ಮುಂದಿನ ಎಂಟು ಹತ್ತು ತಿಂಗಳು ಈ ಹಾಡುಗಳನ್ನು ನೂರಾರು ಸಲ ಕೇಳಬೇಕಾದವರು ನೀವು.

ಒಂದು ಪ್ರದೇಶದ ಲೇಬಲ್ ಆಗಿರುವುದು ಕೊರತೆಯಲ್ಲ, ಅದೇ ನಿಮ್ಮ ಗುರುತು. ವಾಷಿಂಗ್ಟನ್ ಡಿ.ಸಿ.ಯ ಡಿಸ್ಕಾರ್ಡ್ ರೆಕಾರ್ಡ್ಸ್ 1980ರಲ್ಲಿ ಹುಟ್ಟಿದ್ದು ಟೀನ್ ಐಡಲ್ಸ್ ಎಂಬ ಒಂದೇ ಬ್ಯಾಂಡಿನ ಪುಟ್ಟ ರೆಕಾರ್ಡ್ ಹೊರತರುವುದಕ್ಕೆ. ಆ ಬ್ಯಾಂಡ್ ಅಷ್ಟರಲ್ಲಿ ಒಡೆದೇ ಹೋಗಿತ್ತು. ಕಾರ್ಯಕ್ರಮಗಳಿಂದ ಉಳಿಸಿಟ್ಟ ಹಣವನ್ನು ಹಂಚಿಕೊಳ್ಳುವ ಬದಲು ಹುಡುಗರು ಅದನ್ನು ರೆಕಾರ್ಡಿಗೆ ಹಾಕಿದರು, ಹೊದಿಕೆಗಳನ್ನು ತಾವೇ ಕತ್ತರಿಸಿ, ಮಡಚಿ, ಅಂಟಿಸಿದರು. ಆಮೇಲೂ ಇಯಾನ್ ಮೆಕಾಯ್ ಮತ್ತು ಜೆಫ್ ನೆಲ್ಸನ್ ತಮ್ಮ ಊರಿನ ಸುತ್ತಲಿನ ಬ್ಯಾಂಡ್‌ಗಳನ್ನೇ ಹಿಡಿದು ಕೂತರು. ನ್ಯೂಜಿಲೆಂಡಿನ ಫ್ಲೈಯಿಂಗ್ ನನ್ ಲೇಬಲ್ ಅನ್ನು 1981ರಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ ಶುರುಮಾಡಿದ ರೋಜರ್ ಶೆಪರ್ಡ್ ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದವರು. ಮರುವರ್ಷವೇ ಡನೀಡನ್ ಎಂಬ ಇನ್ನೊಂದು ಊರಿನ ನಾಲ್ಕು ಬ್ಯಾಂಡ್‌ಗಳನ್ನು ಒಂದೊಂದು ಬದಿಗೆ ಒಂದರಂತೆ ಜೋಡಿ ರೆಕಾರ್ಡಿನಲ್ಲಿ ಅವರು ಹೊರತಂದರು. ನಾಲ್ಕು ಟ್ರ್ಯಾಕಿನ ಟೇಪ್ ಯಂತ್ರದಲ್ಲಿ ಮುದ್ರಿಸಿಕೊಂಡ ಹಾಡುಗಳವು. ಆ ಊರಿನ ಹೆಸರೇ ಮುಂದೆ ಒಂದು ಶೈಲಿಯ ಹೆಸರಾಯಿತು.

ಹೊಸ ಲೇಬಲ್‌ಗೆ ನಾನು ಕೊಡುವ ಸಲಹೆ: ವರ್ಷಕ್ಕೆ ಎರಡೇ ಬಿಡುಗಡೆ. ಮೂರನೆಯದಕ್ಕೆ ಮನಸ್ಸಾದರೆ ಅದನ್ನು ಮುಂದಿನ ವರ್ಷಕ್ಕಿಡಿ.

ಹೆಜ್ಜೆ 2: ಸ್ಟುಡಿಯೋಗೆ ಮುಂಚೆ ಕಾಗದ

ಗೆಳೆಯರ ನಡುವೆ ಕಾಗದ ಯಾತಕ್ಕೆ ಎಂದು ಕೇಳುವವರಿದ್ದಾರೆ. ಗೆಳೆತನ ಉಳಿಯಲಿ ಎಂದೇ ಕಾಗದ. ಎರಡು ಪುಟ ಸಾಕು, ಎಲ್ಲರಿಗೂ ಅರ್ಥವಾಗುವ ಮಾತಿನಲ್ಲಿರಲಿ, ಬ್ಯಾಂಡಿನ ಪ್ರತಿಯೊಬ್ಬ ಸದಸ್ಯನ ಸಹಿಯೂ ಇರಲಿ. ಹಾಡುವವನೊಬ್ಬನ ಸಹಿ ಸಾಲದು; ಡ್ರಮ್ಮರ್ ನಾಳೆ ಬೇರೆ ಬ್ಯಾಂಡಿಗೆ ಹೋದರೂ ಈ ಧ್ವನಿಮುದ್ರಣದಲ್ಲಿ ಅವನ ಪಾಲು ಇದ್ದೇ ಇರುತ್ತದೆ.

ಒಂದು ಹಾಡಿನಲ್ಲಿ ಎರಡು ಬೇರೆ ಬೇರೆ ಹಕ್ಕುಗಳಿವೆ ಎಂಬುದನ್ನು ಎಲ್ಲರಿಗೂ ಬಿಡಿಸಿ ಹೇಳಿ. ಒಂದು, ಸಾಹಿತ್ಯ ಮತ್ತು ರಾಗದ್ದು, ಅದು ರಚಿಸಿದವರದು. ಇನ್ನೊಂದು, ಈ ನಿರ್ದಿಷ್ಟ ಧ್ವನಿಮುದ್ರಣದ್ದು. ಇದನ್ನೇ ಮಾಸ್ಟರ್ ಹಕ್ಕು ಎನ್ನುವುದು. ಕವರಿನ ಹಿಂದೆ ಕಾಣುವ ವೃತ್ತದೊಳಗಿನ ‘ಪಿ’ ಧ್ವನಿಮುದ್ರಣಕ್ಕೆ ಸೇರಿದ್ದು, ವೃತ್ತದೊಳಗಿನ ‘ಸಿ’ ಕವರಿನ ಚಿತ್ರ, ಅಚ್ಚಾದ ಬರಹ ಮುಂತಾದವಕ್ಕೆ. ಸಣ್ಣ ಲೇಬಲ್ ರಚನೆಯ ಹಕ್ಕಿಗೆ ಕೈ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮಾಸ್ಟರ್ ಕೂಡ ಬ್ಯಾಂಡಿನ ಬಳಿಯೇ ಇರಲಿ. ನೀವು ಐದೋ ಏಳೋ ವರ್ಷಕ್ಕೆ ಪರವಾನಗಿ ಪಡೆಯಿರಿ.

ಒಪ್ಪಂದದಲ್ಲಿ ಇರಲೇಬೇಕಾದವು: ಯಾವ ಹಾಡುಗಳು, ಯಾವ ರೂಪಗಳಲ್ಲಿ, ಎಷ್ಟು ವರ್ಷ, ಯಾವ ದೇಶಗಳಿಗೆ, ಖರ್ಚು ಯಾರದು, ಅದು ವಾಪಸಾದ ಮೇಲೆ ಲಾಭ ಹೇಗೆ ಹಂಚಿಕೆ, ಬ್ಯಾಂಡಿಗೆ ಎಷ್ಟು ಪ್ರತಿ ಉಚಿತ, ಅದಕ್ಕಿಂತ ಹೆಚ್ಚು ಬೇಕಾದರೆ ಯಾವ ದರ, ಲೆಕ್ಕ ಯಾವಾಗ ಒಪ್ಪಿಸುವುದು, ಲೇಬಲ್ ಮುಚ್ಚಿದರೆ ಏನಾಗುತ್ತದೆ. ಕೊನೆಯದನ್ನು ಬರೆಯಲು ಎಲ್ಲರಿಗೂ ಮುಜುಗರ. ಆದರೂ ಬರೆಯಿರಿ.

ಮ್ಯಾಂಚೆಸ್ಟರ್‌ನ ಫ್ಯಾಕ್ಟರಿ ರೆಕಾರ್ಡ್ಸ್ 1992ರಲ್ಲಿ ಮುಳುಗುವ ಹೊತ್ತಿನಲ್ಲಿ ದೊಡ್ಡ ಕಂಪನಿಯೊಂದು ಅದನ್ನು ಕೊಳ್ಳಲು ಬಂದಿತ್ತು. ಕಾಗದ ಬಿಚ್ಚಿ ನೋಡಿದರೆ ನ್ಯೂ ಆರ್ಡರ್ ಬ್ಯಾಂಡಿನ ಸಂಗೀತ ಲೇಬಲ್‌ನದಾಗಿರಲೇ ಇಲ್ಲ, ಬ್ಯಾಂಡಿನದೇ ಆಗಿತ್ತು. ಮಾರಾಟ ಮುರಿದುಬಿತ್ತು, ಲೇಬಲ್ ದಿವಾಳಿಯಾಯಿತು, ಸಂಗೀತ ಮಾತ್ರ ಅದನ್ನು ಮಾಡಿದವರ ಕೈಯಲ್ಲೇ ಉಳಿಯಿತು. ಷಿಕಾಗೋದ ಟಚ್ ಅಂಡ್ ಗೋ ಲೇಬಲ್‌ನದು ಇನ್ನೊಂದು ಕತೆ. ಕೈಕುಲುಕಿ, ಖರ್ಚು ಕಳೆದು ಲಾಭವನ್ನು ಅರ್ಧರ್ಧ ಹಂಚಿಕೊಳ್ಳುವುದು ಅಲ್ಲಿನ ರೂಢಿ. ಎಷ್ಟೋ ಬ್ಯಾಂಡ್‌ಗಳಿಗೆ ದೊಡ್ಡ ಕಂಪನಿಗಳಿಗಿಂತ ಅದು ನ್ಯಾಯವಾಗಿಯೇ ನಡೆಯಿತು. ಆದರೆ ಹಳೆಯ ಬ್ಯಾಂಡೊಂದು ತನ್ನ ಆಲ್ಬಂಗಳನ್ನು ವಾಪಸು ಕೇಳಿ ನ್ಯಾಯಾಲಯಕ್ಕೆ ಹೋದಾಗ, ಅವಧಿ ಗೊತ್ತುಮಾಡದ ಬಾಯಿಮಾತಿನ ಒಪ್ಪಂದವನ್ನು ಯಾವಾಗ ಬೇಕಾದರೂ ಮುರಿಯಬಹುದೆಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ 1999ರಲ್ಲಿ ತೀರ್ಪು ಕೊಟ್ಟಿತು. ಅರ್ಧರ್ಧ ಹಂಚಿಕೆಯ ಆ ಪದ್ಧತಿಯನ್ನು ನಾನು ಈಗಲೂ ಅನುಸರಿಸುತ್ತೇನೆ, ಬರೆದಿಟ್ಟುಕೊಂಡು.

ಬೇರೆಯವರ ಹಾಡನ್ನು ಬ್ಯಾಂಡ್ ತನ್ನ ರೀತಿಯಲ್ಲಿ ಹಾಡಿದ್ದರೆ ಅದರ ರಚನೆಗೆ ಪರವಾನಗಿ ಬೇಕು. ಬೇರೆ ರೆಕಾರ್ಡಿನ ತುಣುಕನ್ನು ಎತ್ತಿ ಬಳಸಿದ್ದರೆ ರಚನೆ, ಮಾಸ್ಟರ್ ಎರಡಕ್ಕೂ ಬೇಕು. ಇದನ್ನು ಮಿಕ್ಸಿಂಗ್ (ಬೇರೆ ಬೇರೆಯಾಗಿ ಮುದ್ರಿಸಿದ ಧ್ವನಿಗಳನ್ನು ಒಂದಾಗಿ ಬೆರೆಸುವ ಕೆಲಸ) ಮುಗಿದ ಮೇಲೆ ವಿಚಾರಿಸಬೇಡಿ, ಹಾಡೇ ಕೈತಪ್ಪಬಹುದು.

ಹೆಜ್ಜೆ 3: ಎಷ್ಟು ಪ್ರತಿ

ಇಲ್ಲಿ ಆಸೆಯನ್ನು ಪಕ್ಕಕ್ಕಿಟ್ಟು ಎಣಿಸಬೇಕು. ಬ್ಯಾಂಡಿನ ಕಾರ್ಯಕ್ರಮಕ್ಕೆ ಸರಾಸರಿ ಎಷ್ಟು ಜನ ಬರುತ್ತಾರೆ, ಅವರಲ್ಲಿ ಎಷ್ಟು ಜನ ಏನನ್ನಾದರೂ ಕೊಂಡುಹೋಗುತ್ತಾರೆ, ಮುಂದಿನ ಆರು ತಿಂಗಳಲ್ಲಿ ಎಷ್ಟು ಕಾರ್ಯಕ್ರಮ ಖಚಿತವಾಗಿವೆ. ಇವುಗಳಿಂದ ಬರುವ ಸಂಖ್ಯೆಯೇ ನಿಮ್ಮ ಬುಡ. ಇಂಟರ್ನೆಟ್ಟಿನಲ್ಲಿ ಹಿಂಬಾಲಿಸುವವರ ಸಂಖ್ಯೆಯನ್ನು ಇದಕ್ಕೆ ಬೆರೆಸಬೇಡಿ.

300 ಪ್ರತಿ ಮಾಡಿಸಿದಿರಿ ಎಂದಿಟ್ಟುಕೊಳ್ಳಿ. 40 ಬ್ಯಾಂಡಿಗೆ, 25 ರೇಡಿಯೋ ಮತ್ತು ವಿಮರ್ಶಕರಿಗೆ, 15 ಅಂಚೆಯಲ್ಲಿ ಮುರಿದವಕ್ಕೆ ಬದಲಿಯಾಗಿ ಮತ್ತು ನಿಮ್ಮ ಸಂಗ್ರಹಕ್ಕೆ. ಮಾರಲು ಉಳಿದದ್ದು 220. ಇವುಗಳಲ್ಲಿ 150 ಮಾರಿದಾಗಲೇ ಇಡೀ ಖರ್ಚು ವಾಪಸು ಬರುವಂತಿರಬೇಕು. ಬರದಿದ್ದರೆ ಬೆಲೆ ಏರಿಸುವ ಬದಲು ಖರ್ಚು ಇಳಿಸಿ: ಬಣ್ಣದ ವಿನೈಲ್ (ರೆಕಾರ್ಡಿನ ಪ್ಲಾಸ್ಟಿಕ್) ಬೇಡ, ಮಡಚುವ ಜೋಡಿ ಹೊದಿಕೆ ಬೇಡ, 180 ಗ್ರಾಂ ತೂಕ ಬೇಡ. 140 ಗ್ರಾಂನ ಕಪ್ಪು ರೆಕಾರ್ಡ್ ಚೆನ್ನಾಗಿಯೇ ಹಾಡುತ್ತದೆ. ತೂಕ ಹೆಚ್ಚಿದ ಮಾತ್ರಕ್ಕೆ ಧ್ವನಿ ಉತ್ತಮವಾಗುವುದಿಲ್ಲ, ಅದು ಮಾಸ್ಟರಿಂಗ್‌ನಲ್ಲಿ, ಎಂದರೆ ಕಾರ್ಖಾನೆಗೆ ಕಳಿಸುವ ಮುಂಚೆ ಧ್ವನಿಯನ್ನು ಕೊನೆಯದಾಗಿ ಹದಗೊಳಿಸುವಾಗಲೇ, ತೀರ್ಮಾನವಾಗಿರುತ್ತದೆ.

ಕಡಿಮೆ ಮಾಡಿಸಿ ಖಾಲಿಯಾದರೆ ಮರುಮುದ್ರಣ ಮಾಡಿಸಬಹುದು. ಬಜ್‌ಕಾಕ್ಸ್ ಬ್ಯಾಂಡ್ 1977ರ ಜನವರಿಯಲ್ಲಿ ತನ್ನದೇ ನ್ಯೂ ಹಾರ್ಮೋನ್ಸ್ ಲೇಬಲ್‌ನಿಂದ ನಾಲ್ಕು ಹಾಡಿನ ಮೊದಲ ರೆಕಾರ್ಡನ್ನು 1000 ಪ್ರತಿ ಮಾಡಿಸಿತು, ಅದೂ ಸಾಲ ತಂದು. ಅವು ಖಾಲಿಯಾದ ಮೇಲೆ ಮತ್ತೆ ಮತ್ತೆ ಅಚ್ಚು ಹಾಕಿಸಿತು. ಹೆಚ್ಚು ಮಾಡಿಸಿ ಉಳಿದರೆ ಆ ಪೆಟ್ಟಿಗೆಗಳು ನಿಮ್ಮ ಮನೆಯಲ್ಲೇ ಇರುತ್ತವೆ. ಮುಂದಿನ ಬ್ಯಾಂಡಿನ ಹಣ ಅವುಗಳೊಳಗೆ ಸಿಕ್ಕಿಕೊಂಡಿರುತ್ತದೆ.

ಹೆಜ್ಜೆ 4: ರೂಪ ಯಾವುದು

ವಿನೈಲ್ ಎಲ್ಲರ ಆಸೆ. 12 ಇಂಚಿನ, ನಿಮಿಷಕ್ಕೆ 33⅓ ಸುತ್ತಿನ ರೆಕಾರ್ಡಿನಲ್ಲಿ ಬದಿಗೆ 18ರಿಂದ 22 ನಿಮಿಷ ಒಳ್ಳೆಯ ಮಿತಿ. ಅದಕ್ಕಿಂತ ಹೆಚ್ಚು ತುರುಕಿದರೆ ಗೆರೆಗಳನ್ನು ಇಕ್ಕಟ್ಟಾಗಿ ಕೊರೆಯಬೇಕಾಗುತ್ತದೆ, ಸದ್ದು ಇಳಿಯುತ್ತದೆ, ಬೇಸ್ (ತಗ್ಗಿನ ಸ್ವರಗಳು) ಸೊರಗುತ್ತದೆ. ರಾಕ್ ಸಂಗೀತಕ್ಕೆ ಇದು ದೊಡ್ಡ ನಷ್ಟ. 52 ನಿಮಿಷದ ಆಲ್ಬಂ ತಂದ ಬ್ಯಾಂಡಿಗೆ ಎರಡು ಹಾಡು ತೆಗೆಯಿರಿ ಎಂದು ಹೇಳುವುದು ಕಷ್ಟ. ಆದರೂ ಹೇಳಬೇಕು, ತೆಗೆದ ಹಾಡುಗಳನ್ನು ಡಿಜಿಟಲ್ ರೂಪದಲ್ಲಿ ಬೇರೆಯಾಗಿ ಕೊಡಬಹುದು.

ಸಿ.ಡಿ.ಯಲ್ಲಿ ಸುಮಾರು 80 ನಿಮಿಷ ಹಿಡಿಯುತ್ತದೆ, ಅಂಚೆ ಖರ್ಚು ಕಡಿಮೆ, ಬೇಗ ತಯಾರಾಗುತ್ತದೆ. ಕ್ಯಾಸೆಟ್ಟಿನಲ್ಲಿ 50 ಪ್ರತಿಯನ್ನೂ ಮಾಡಿಸಬಹುದು; ಮೊದಲ ಆಲ್ಬಂನ ಬ್ಯಾಂಡಿಗೆ ನಾನು ಸಾಮಾನ್ಯವಾಗಿ ಇದನ್ನೇ ಹೇಳುವುದು. ಎರಡೂ ಬದಿಯ ಅವಧಿ ಹತ್ತಿರ ಹತ್ತಿರ ಇರಲಿ, ಇಲ್ಲದಿದ್ದರೆ ಕೇಳುವವರು ಖಾಲಿ ಟೇಪ್ ಓಡುವುದನ್ನು ಕಾಯಬೇಕು. ಡಿಜಿಟಲ್ ಯಾವತ್ತೂ ಇದ್ದೇ ಇರುತ್ತದೆ, ಅದರ ಮಾತು ಮುಂದೆ.

ಹೆಜ್ಜೆ 5: ಮಾಸ್ಟರಿಂಗ್ ಮತ್ತು ಹಾಡುಗಳ ಸರದಿ

ಮಿಕ್ಸಿಂಗ್ ಮಾಡಿದವರೇ ಮಾಸ್ಟರಿಂಗ್ ಮಾಡುವುದು ಬೇಡ. ಹೊಸ ಕಿವಿ ಬೇಕು. ಖರ್ಚು ಎಲ್ಲಿ ಬೇಕಾದರೂ ಕಡಿಮೆ ಮಾಡಿ, ಇಲ್ಲಿ ಮಾಡಬೇಡಿ.

ಹೀಗೆ ಸಿದ್ಧವಾದ ಒಂದೇ ಮಾಸ್ಟರ್ ಕಡತ ಎಲ್ಲ ರೂಪಗಳಿಗೂ ಹೊಂದುವುದಿಲ್ಲ. ಸ್ಪಾಟಿಫೈ ಹಾಡುಗಳ ಸದ್ದನ್ನು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದಿನ ಜೋರನ್ನು ಅಳೆಯುವ ಮಾನ) ಮಟ್ಟಕ್ಕೆ ತಂದು ನುಡಿಸುತ್ತದೆ, ಬೇರೆ ಸ್ಟ್ರೀಮಿಂಗ್ ಸೇವೆಗಳಲ್ಲೂ ಇಂಥದೇ ಏರ್ಪಾಡಿದೆ. ಹಾಗಾಗಿ ಜೋರಾಗಿರಲಿ ಎಂದು ಸಂಗೀತವನ್ನು ಹಿಂಡಿದರೆ ಕೊನೆಗೆ ಉಳಿಯುವುದು ಹಿಂಡಿದ ಸದ್ದು ಮಾತ್ರ, ಜೋರು ಉಳಿಯುವುದಿಲ್ಲ. ಹಾಗೆಂದು ಪ್ರತಿ ಹಾಡನ್ನೂ ಆ ಸಂಖ್ಯೆಗೇ ಕಟ್ಟಿಹಾಕಬೇಕಾಗಿಯೂ ಇಲ್ಲ. ಮೆಲ್ಲಗಿನ ಹಾಡು ಮೆಲ್ಲಗೇ ಇರಲಿ. ಸಿ.ಡಿ.ಗೆ 16 ಬಿಟ್, 44.1 ಕಿಲೋಹರ್ಟ್ಸ್ ಬೇಕು, ಕಾರ್ಖಾನೆಗಳು ಸಾಮಾನ್ಯವಾಗಿ ಡಿಡಿಪಿ ಕಡತ (ಇಡೀ ಸಿ.ಡಿ.ಯ ಹಾಡುಗಳೂ ಅವುಗಳ ಸರದಿಯೂ ಒಟ್ಟಿಗಿರುವಂಥದು) ಕೇಳುತ್ತವೆ.

ವಿನೈಲ್‌ಗೆ ಬೇರೆಯೇ ಮಾಸ್ಟರ್ ಮಾಡಿಸಿ. ಆಳದ ಬೇಸ್ ಮಧ್ಯದಲ್ಲಿರಬೇಕು. ಎಡ ಬಲಕ್ಕೆ ಹರಡಿದರೆ ಸೂಜಿ ಗೆರೆ ತಪ್ಪುವ ಅಪಾಯವಿದೆ. ಡ್ರಮ್ಮಿನ ಸಿಂಬಲ್ ತಾಳದ ಸದ್ದು, ಹಾಡುವವರ ‘ಸ’ಕಾರ ‘ಶ’ಕಾರಗಳು ತೀಕ್ಷ್ಣವಾಗಿದ್ದರೆ ರೆಕಾರ್ಡಿನಲ್ಲಿ ಗೊರಗೊರ ಎನ್ನುತ್ತವೆ.

ರೆಕಾರ್ಡ್ ಒಂದೇ ವೇಗದಲ್ಲಿ ತಿರುಗುತ್ತದೆ, ಆದರೆ ಹೊರ ಅಂಚಿನ ಸುತ್ತು ದೊಡ್ಡದು, ನಡುವಿನ ಹತ್ತಿರದ ಸುತ್ತು ಚಿಕ್ಕದು. ಒಳಕ್ಕೆ ಹೋದಂತೆ ಅದೇ ಒಂದು ಸೆಕೆಂಡಿನ ಸಂಗೀತಕ್ಕೆ ಸಿಗುವ ಗೆರೆಯ ಉದ್ದ ಕಡಿಮೆಯಾಗುತ್ತದೆ, ಧ್ವನಿ ಮಸುಕಾಗುತ್ತದೆ, ಒಡೆಯಲೂಬಹುದು. ಆದ್ದರಿಂದ ಅತಿ ಅಬ್ಬರದ ಹಾಡನ್ನು ಬದಿಯ ಕೊನೆಗೆ ಇಡಬೇಡಿ. ಒಂದು ಬ್ಯಾಂಡಿಗೆ ತನ್ನ ದೊಡ್ಡ ಹಾಡಿನಿಂದಲೇ ಆಲ್ಬಂ ಮುಗಿಯಬೇಕೆಂಬ ಹಟವಿತ್ತು. ಎರಡು ಸರದಿಯಲ್ಲೂ ಹಾಡುಗಳನ್ನು ಜೋಡಿಸಿ, ಎಲ್ಲರನ್ನೂ ಕೂರಿಸಿ, ದೀಪ ಆರಿಸಿ ಕೇಳಿಸಿದೆ. ಗಿಟಾರ್ ವಾದಕನೇ ಎದ್ದು, ದೊಡ್ಡ ಹಾಡು ಎರಡನೇ ಬದಿಯ ಮೊದಲಿಗೆ ಬರಲಿ ಎಂದ. ರೆಕಾರ್ಡ್ ತಿರುವಿ ಹಾಕಿದ ಕೂಡಲೇ ಅದು ನುಗ್ಗಿ ಬರುವುದನ್ನು ಇವತ್ತಿಗೂ ಕೇಳುಗರು ನೆನೆಸಿಕೊಳ್ಳುತ್ತಾರೆ.

ಹೆಜ್ಜೆ 6: ಕಾರ್ಖಾನೆ ಮತ್ತು ಟೆಸ್ಟ್ ಪ್ರೆಸ್ಸಿಂಗ್

ಅಲ್ಲಿ ನಡೆಯುವುದು ಗೊತ್ತಿದ್ದರೆ ಕಾಯುವುದು ಸುಲಭ. ಲ್ಯಾಕರ್ ಎಂಬ ಮೆರುಗೆಣ್ಣೆ ಬಳಿದ ಅಲ್ಯುಮಿನಿಯಂ ತಟ್ಟೆಯ ಮೇಲೆ ಗೆರೆ ಕೊರೆಯುತ್ತಾರೆ. ಅದಕ್ಕೆ ಬೆಳ್ಳಿಯ ತೆಳು ಲೇಪ ಕೊಟ್ಟು, ವಿದ್ಯುತ್ತಿನಿಂದ ನಿಕಲ್ ಕೂಡಿಸಿ ಲೋಹದ ಅಚ್ಚು ತೆಗೆಯುತ್ತಾರೆ. ಅದರಿಂದ ಇನ್ನೊಂದು, ಕೊನೆಗೆ ಸ್ಟ್ಯಾಂಪರ್. ಬಿಸಿ ಪಿ.ವಿ.ಸಿ. ಮುದ್ದೆಯನ್ನು ಎರಡು ಸ್ಟ್ಯಾಂಪರ್‌ಗಳ ನಡುವೆ ಒತ್ತಿದರೆ ರೆಕಾರ್ಡ್. ಲ್ಯಾಕರ್ ತಟ್ಟೆ ತಯಾರಿಸುವವರು ಜಗತ್ತಿನಲ್ಲೇ ಬೆರಳೆಣಿಕೆ. 2020ರ ಫೆಬ್ರವರಿ 6ರಂದು ಕ್ಯಾಲಿಫೋರ್ನಿಯಾದ ಅಪೊಲೊ ಮಾಸ್ಟರ್ಸ್ ಕಾರ್ಖಾನೆ ಸುಟ್ಟುಹೋದಾಗ ಈ ಕಸುಬಿಗೆ ಉಳಿದ ದೊಡ್ಡ ಆಸರೆ ಜಪಾನಿನ ಒಂದು ಕಾರ್ಖಾನೆ ಮಾತ್ರ. ಒಂದು ಸಣ್ಣ ಕೊಂಡಿ ಕಳಚಿದರೂ ಎಲ್ಲರ ತಾರೀಖೂ ಹಿಂದಕ್ಕೆ ಹೋಗುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಇಡೀ ಮುದ್ರಣಕ್ಕೆ ಮುಂಚೆ ನಾಲ್ಕೈದು ಟೆಸ್ಟ್ ಪ್ರೆಸ್ಸಿಂಗ್ ಪ್ರತಿಗಳು ಬರುತ್ತವೆ. ಮೂರು ಬೇರೆ ಬೇರೆ ಕಡೆ, ಬೇರೆ ಬೇರೆ ಯಂತ್ರಗಳಲ್ಲಿ, ಆರಂಭದಿಂದ ಕೊನೆಯವರೆಗೆ ಕೇಳಿ. ಒಂದು ಅಗ್ಗದ ಯಂತ್ರವೂ ಇರಲಿ, ಏಕೆಂದರೆ ಕೊಳ್ಳುವವರಲ್ಲಿ ಹಲವರ ಬಳಿ ಇರುವುದು ಅದೇ. ಟಕ್ ಎಂಬ ಸದ್ದು ಕೇಳಿದರೆ ನಿಮಿಷ, ಸೆಕೆಂಡು ಗುರುತುಹಾಕಿ. ಒಂದೇ ಪ್ರತಿಯಲ್ಲಿದ್ದರೆ ಅದು ಧೂಳೋ ಗೀರೋ ಆಗಿರಬಹುದು. ಎಲ್ಲ ಪ್ರತಿಗಳಲ್ಲೂ ಅದೇ ಜಾಗದಲ್ಲಿದ್ದರೆ ದೋಷ ಲೋಹದ ಅಚ್ಚಿನಲ್ಲೇ ಇದೆ, ಅಥವಾ ಅದಕ್ಕೂ ಮುಂಚಿನ ಕೊರೆತದಲ್ಲಿದೆ; ಒಪ್ಪಿಗೆ ಕೊಡಬೇಡಿ. ಒಮ್ಮೆ ಒಂದೇ ಪ್ರತಿ ಕೇಳಿ, ಧೂಳಿರಬೇಕು ಎಂದುಕೊಂಡು ಒಪ್ಪಿಗೆ ಕಳಿಸಿದೆ. 300 ಪ್ರತಿಯಲ್ಲೂ ಮೂರನೇ ಹಾಡಿನ ನಡುವೆ ಆ ಸದ್ದಿತ್ತು. ತಪ್ಪು ಕಾರ್ಖಾನೆಯದಾದರೂ ಒಪ್ಪಿಗೆ ಕೊಟ್ಟವನು ನಾನು, ಮರುಮುದ್ರಣದ ಖರ್ಚು ನಮ್ಮದೇ ಆಯಿತು.

ಹೆಜ್ಜೆ 7: ಕವರ್, ಹೆಸರುಗಳು, ಕ್ಯಾಟಲಾಗ್ ಸಂಖ್ಯೆ

ಸೂಕ್ತ ಕಲಾವಿದರನ್ನು ಹಾಡುಗಳು ಮುಗಿಯುವ ಮುಂಚೆಯೇ ಹಿಡಿಯಿರಿ, ಅವರಿಗೂ ಹಣ ಕೊಡಿ, ಚಿತ್ರವನ್ನು ಅಂಗಿ ಪೋಸ್ಟರ್‌ಗಳಿಗೂ ಬಳಸಬಹುದೇ ಎಂಬುದನ್ನು ಬರೆದಿಟ್ಟುಕೊಳ್ಳಿ. ಫೋನಿನ ಪರದೆಯಲ್ಲಿ ಕವರ್ ಹೆಬ್ಬೆರಳಿನಷ್ಟು ಕಾಣುತ್ತದೆ, ರೆಕಾರ್ಡಿನಲ್ಲಿ 12 ಇಂಚು. ಎರಡರಲ್ಲೂ ಓದಲು ಬರಬೇಕು.

ಲೇಬಲ್‌ಗೆ ಒಂದು ಚಹರೆ ಬರುವುದು ಒಬ್ಬರದೇ ಕಣ್ಣು ಕಿವಿಗಳಿಂದ. ಸಿಯಾಟಲ್‌ನ ಸಬ್ ಪಾಪ್ ಲೇಬಲ್ ಆರಂಭದ ದಿನಗಳಲ್ಲಿ ಚಾರ್ಲ್ಸ್ ಪೀಟರ್ಸನ್ ತೆಗೆದ, ಬೆವರು ಕೂದಲು ಹಾರುವ ಕಪ್ಪುಬಿಳುಪು ಚಿತ್ರಗಳನ್ನೂ ಜ್ಯಾಕ್ ಎಂಡಿನೊ ಕೈಯಲ್ಲಿ ಮುದ್ರಣಗೊಂಡ ಧ್ವನಿಯನ್ನೂ ಮತ್ತೆ ಮತ್ತೆ ಬಳಸಿತು. ಬ್ಯಾಂಡಿನ ಹೆಸರು ಗೊತ್ತಿಲ್ಲದವರೂ ರೆಕಾರ್ಡ್ ಎತ್ತಿಕೊಳ್ಳುವಂತಾಯಿತು. 1988ರ ನವೆಂಬರಿನಲ್ಲಿ ಅದು ಶುರುಮಾಡಿದ, ಚಂದಾದಾರರಿಗೆ ಪುಟ್ಟ ರೆಕಾರ್ಡ್ ಕಳಿಸುವ ಸಿಂಗಲ್ಸ್ ಕ್ಲಬ್ಬಿನ ಮೊದಲ ರೆಕಾರ್ಡ್ ನಿರ್ವಾಣ ಬ್ಯಾಂಡಿನದು. 1000 ಪ್ರತಿಗೆ ಕೈಯಲ್ಲೇ ಸಂಖ್ಯೆ ಬರೆದಿದ್ದರು.

ಕ್ಯಾಟಲಾಗ್ ಸಂಖ್ಯೆಯನ್ನು ಮೊದಲ ಬಿಡುಗಡೆಯಿಂದಲೇ ಹಾಕಿ: ಲೇಬಲ್ ಹೆಸರಿನ ಎರಡು ಮೂರು ಅಕ್ಷರ, ಮುಂದೆ 001. ಬೆನ್ನುಪಟ್ಟಿ, ಹಿಂಬದಿ, ನಡುವಿನ ಚೀಟಿ, ಮೂರೂ ಕಡೆ ಅದೇ ಇರಬೇಕು. ಫ್ಯಾಕ್ಟರಿ ರೆಕಾರ್ಡ್ಸ್ 1978ರಲ್ಲಿ ಮೊದಲ ಸಂಖ್ಯೆಯನ್ನು ಕೊಟ್ಟದ್ದು ರೆಕಾರ್ಡಿಗಲ್ಲ, ಒಂದು ಪೋಸ್ಟರಿಗೆ; ತನ್ನ ನೈಟ್‌ಕ್ಲಬ್ಬಿಗೂ 51 ಎಂಬ ಸಂಖ್ಯೆ ಕೊಟ್ಟಿತ್ತು. ಸಂಖ್ಯೆ ಇದ್ದರೆ ಸಂಗ್ರಹಿಸುವವರು ನಡುವೆ ಬಿಟ್ಟುಹೋದದ್ದನ್ನು ಹುಡುಕಿಕೊಂಡು ಬರುತ್ತಾರೆ.

ಒಳಹಾಳೆಯಲ್ಲಿ ದುಡಿದ ಎಲ್ಲರ ಹೆಸರೂ ಬರಲಿ, ಒಂದು ಹಾಡಿಗೆ ಚಪ್ಪಾಳೆ ತಟ್ಟಿದವರದೂ. ಕಾಗುಣಿತವನ್ನು ಆಯಾ ವ್ಯಕ್ತಿಯಿಂದಲೇ ಬರೆಸಿಕೊಳ್ಳಿ. ಅಚ್ಚಿಗೆ ಕಳಿಸುವ ಮುಂಚೆ ಆಲ್ಬಂಗೆ ಸಂಬಂಧವೇ ಇಲ್ಲದ ಒಬ್ಬರಿಂದ ಓದಿಸಿ. ನೂರು ಸಲ ನೋಡಿದ ಕಣ್ಣಿಗೆ ತಪ್ಪು ಕಾಣುವುದಿಲ್ಲ.

ಹೆಜ್ಜೆ 8: ಸಂಖ್ಯೆಗಳು ಮತ್ತು ಡಿಜಿಟಲ್

ಪ್ರತಿ ಧ್ವನಿಮುದ್ರಣಕ್ಕೂ ಒಂದು ಐಎಸ್‌ಆರ್‌ಸಿ ಬೇಕು. ಅದು 12 ಅಕ್ಷರ ಅಂಕಿಗಳ ಗುರುತು. ಅದೇ ಮುದ್ರಣ ಮೊದಲು ಸಿಂಗಲ್ (ಬಿಡಿ ಹಾಡು) ಆಗಿ, ಆಮೇಲೆ ಆಲ್ಬಂನಲ್ಲಿ ಬಂದರೆ ಐಎಸ್‌ಆರ್‌ಸಿ ಒಂದೇ. ರೀಮಿಕ್ಸ್ ಅಥವಾ ಬೇರೆ ಮುದ್ರಣವಾದರೆ ಹೊಸದು. ಇಲ್ಲಿ ತಪ್ಪಿದರೆ ಕೇಳಿಕೆಯ ಲೆಕ್ಕ ಎರಡಾಗಿ ಒಡೆಯುತ್ತದೆ. ಆಲ್ಬಂಗೆ ಬಾರ್‌ಕೋಡ್ ಬೇರೆ, ಅದೂ ಪ್ರತಿ ರೂಪಕ್ಕೆ ಒಂದೊಂದು. ರಚನೆಕಾರರು ತಮ್ಮ ರಾಯಲ್ಟಿ ಸಂಸ್ಥೆಯಲ್ಲಿ ಹಾಡುಗಳನ್ನು ತಾವೇ ನೋಂದಾಯಿಸಬೇಕು, ಸ್ಟ್ರೀಮಿಂಗ್ ಸೇವೆಗಳಿಗೆ ಹಾಡು ತಲುಪಿಸುವ ವಿತರಕರು ಅದನ್ನು ಮಾಡುವುದಿಲ್ಲ. ಬ್ಯಾಂಡಿಗೆ ಇದನ್ನು ಎರಡು ಸಲ ನೆನಪಿಸಿ.

ಸ್ಟ್ರೀಮಿಂಗ್‌ನಿಂದ ಬರುವ ಹಣದ ಮೇಲೆ ಲೆಕ್ಕ ಕಟ್ಟಬೇಡಿ. 2024ರಿಂದ ಸ್ಪಾಟಿಫೈಯಲ್ಲಿ ಹಿಂದಿನ 12 ತಿಂಗಳಲ್ಲಿ 1000 ಸಲ ಕೇಳಿಸಿಕೊಳ್ಳದ ಮುದ್ರಣಕ್ಕೆ ರಾಯಲ್ಟಿಯೇ ಇಲ್ಲ. ಸಣ್ಣ ಬ್ಯಾಂಡಿನ ಆಲ್ಬಂನಲ್ಲಿ ಅರ್ಧದಷ್ಟು ಹಾಡುಗಳು ಈ ಗೆರೆಯ ಕೆಳಗೇ ಉಳಿಯಬಹುದು. ಇದು ಅನ್ಯಾಯವೆಂದೇ ನನ್ನ ಭಾವನೆ. ಹಾಗಿದ್ದೂ ಆಲ್ಬಂ ಅಲ್ಲಿರಲಿ, ಹೊಸಬರು ಮೊದಲು ಹುಡುಕುವುದು ಅಲ್ಲೇ. ಕೇಳುಗರಿಗೆ ನೇರ ಮಾರಾಟಕ್ಕೆ ಬ್ಯಾಂಡ್‌ಕ್ಯಾಂಪ್‌ನಂಥ ಜಾಲತಾಣ ಬೇಕು. ಡಿಜಿಟಲ್ ಮಾರಾಟದಲ್ಲಿ ಅದರ ಪಾಲು ಶೇ. 15, ರೆಕಾರ್ಡ್, ಅಂಗಿಯಂಥ ವಸ್ತುಗಳಲ್ಲಿ ಶೇ. 10, ಪಾವತಿಯ ಶುಲ್ಕ ಬೇರೆ. 2020ರ ಮಾರ್ಚ್‌ನಲ್ಲಿ ಶುರುವಾದ ಅದರ ವಿಶೇಷ ಶುಕ್ರವಾರಗಳಂದು ಆ ಪಾಲನ್ನೂ ಬಿಟ್ಟುಕೊಡುತ್ತದೆ. ಕೊಂಡವರ ಇ-ಮೇಲ್ ವಿಳಾಸ ನಿಮ್ಮ ಕೈಗೆ ಸಿಗುತ್ತದೆ ಎಂಬುದು ನನಗೆ ಹಣಕ್ಕಿಂತ ದೊಡ್ಡದು.

ಹೆಜ್ಜೆ 9: ಹಿಂದಿನಿಂದ ಎಣಿಸಿದ ಕ್ಯಾಲೆಂಡರ್

2015ರ ಜುಲೈ 10ರಿಂದ ಜಗತ್ತಿನಾದ್ಯಂತ ಹೊಸ ಸಂಗೀತ ಶುಕ್ರವಾರ ಬರುತ್ತದೆ. ನೀವೂ ಶುಕ್ರವಾರವನ್ನೇ ಹಿಡಿಯಬೇಕೆಂಬ ಕಟ್ಟಳೆಯಿಲ್ಲ. ದೊಡ್ಡ ಹೆಸರುಗಳ ನಡುವೆ ಕಳೆದುಹೋಗುವುದಕ್ಕಿಂತ ಬ್ಯಾಂಡಿನ ಕಾರ್ಯಕ್ರಮದ ದಿನ ಲೇಸು ಎಂದು ಎಷ್ಟೋ ಸಲ ಅನಿಸಿದೆ.

ದಿನ ಯಾವುದೇ ಇರಲಿ, ಅಲ್ಲಿಂದ ಹಿಂದಕ್ಕೆ ಎಣಿಸಿ. ಎಂಟು ತಿಂಗಳ ಮುಂಚೆ ಮಿಕ್ಸಿಂಗ್ ಮುಗಿದು ಕಾಗದಕ್ಕೆ ಸಹಿಯಾಗಿರಬೇಕು. ಏಳು ತಿಂಗಳಿಗೆ ಮಾಸ್ಟರ್ ಮತ್ತು ಕವರ್ ಕಾರ್ಖಾನೆಯ ಕೈಯಲ್ಲಿ. ನಾಲ್ಕೈದು ತಿಂಗಳಿಗೆ ಟೆಸ್ಟ್ ಪ್ರೆಸ್ಸಿಂಗ್. ಎರಡು ತಿಂಗಳ ಮುಂಚೆ ಪೆಟ್ಟಿಗೆಗಳು ನಿಮ್ಮ ಕೋಣೆಯೊಳಗೆ ಇರಬೇಕು. ಕಣ್ಣಾರೆ ನೋಡಿದ ಮೇಲೆಯೇ ತಾರೀಖು ಸಾರಿ, ಪ್ರೀ-ಆರ್ಡರ್ (ಬಿಡುಗಡೆಗೆ ಮುಂಚಿನ ಬೇಡಿಕೆ) ತೆರೆಯಿರಿ. ಆ ಎರಡನೇ ಆಲ್ಬಂನ ನಂತರ ನಾನು ಈ ನಿಯಮ ಮುರಿದಿಲ್ಲ. ಪ್ರೀ-ಆರ್ಡರ್ ಹಣದಿಂದಲೇ ಮುದ್ರಣ ಮಾಡಿಸುವವರಿದ್ದಾರೆ. ಅಂಥವರು ತಡವಾಗಬಹುದೆಂದು ಮೊದಲೇ ಬರೆದು ತಿಳಿಸಿ, ಆ ಹಣವನ್ನು ಬೇರೆ ಖಾತೆಯಲ್ಲಿಡಬೇಕು.

ಡಿಜಿಟಲ್ ಕಡತಗಳು ವಿತರಕರಿಗೆ ನಾಲ್ಕು ವಾರ ಮುಂಚೆ ತಲುಪಲಿ. ಸ್ಪಾಟಿಫೈಯ ಸಂಪಾದಕರಿಗೆ ಹಾಡು ಸೂಚಿಸಲು ಕನಿಷ್ಠ 7 ದಿನ ಬೇಕು, ಮೂರು ವಾರ ಕೊಟ್ಟರೆ ಒಳ್ಳೆಯದು. ಆಲ್ಬಂಗೆ ಮುಂಚೆ ಎರಡು ಹಾಡು ಹೊರಬಿಡಿ, ಮೂರು ಬೇಡ. ಕೇಳುವವರಿಗೆ ಹೊಸದು ಉಳಿದಿರಬೇಕು.

ಹೆಜ್ಜೆ 10: ಸುದ್ದಿ ಮುಟ್ಟಿಸುವುದು

ನೂರು ಜನರಿಗೆ ಒಂದೇ ಕಾಗದ ಕಳಿಸುವ ಬದಲು ಹದಿನೈದು ಜನರಿಗೆ ಹದಿನೈದು ಕಾಗದ ಬರೆಯಿರಿ. ಅವರು ಹಿಂದೆ ಏನು ಮೆಚ್ಚಿ ಬರೆದಿದ್ದರು, ಈ ಆಲ್ಬಂ ಅವರಿಗೆ ಏಕೆ ಹಿಡಿಸಬಹುದು ಎಂದು ಎರಡು ಸಾಲು. ಬ್ಯಾಂಡಿನ ಪರಿಚಯ 150 ಪದ ದಾಟದಿರಲಿ. ‘ವಿಶಿಷ್ಟ’, ‘ಅಪೂರ್ವ’ ಎಂಬ ಪದಗಳನ್ನು ಹೊಡೆದುಹಾಕಿ, ಹಾಡುಗಳು ಎಲ್ಲಿ, ಯಾವ ಕೋಣೆಯಲ್ಲಿ, ಹೇಗೆ ಮುದ್ರಣವಾದವು ಎಂಬುದನ್ನು ಬರೆಯಿರಿ. ಬಜ್‌ಕಾಕ್ಸ್‌ನ ಆ ಮೊದಲ ರೆಕಾರ್ಡಿನ ಹೊದಿಕೆಯಲ್ಲೇ ಪ್ರತಿ ಹಾಡು ಎಷ್ಟನೇ ಟೇಕ್, ಮೇಲೆ ಏನೇನು ಸೇರಿಸಿದ್ದಾರೆ ಎಂಬ ವಿವರವಿತ್ತು. ಓದಿದ ಹುಡುಗರಿಗೆ ಇದು ತಮ್ಮ ಕೈಲೂ ಆಗುವ ಕೆಲಸ ಎನಿಸಿತು. ಸಮುದಾಯ ರೇಡಿಯೋ, ಕಾಲೇಜು ರೇಡಿಯೋಗಳನ್ನು ಮರೆಯಬೇಡಿ. ಅಲ್ಲಿ ಹಾಡು ಆರಿಸುವವರು ಇನ್ನೂ ಮನುಷ್ಯರು.

ಹೆಜ್ಜೆ 11: ಬಿಡುಗಡೆಯ ವಾರ

ಪ್ಯಾಕಿಂಗ್ ಮುಂಚೆಯೇ ಮುಗಿಸಿ. ರೆಕಾರ್ಡನ್ನು ಹೊದಿಕೆಯಿಂದ ಹೊರತೆಗೆದು, ಒಳಚೀಲ ಸಮೇತ ಹೊದಿಕೆಯ ಹಿಂದೆ ಇಟ್ಟು ಕಳಿಸಿ. ಒಳಗೇ ಬಿಟ್ಟರೆ ದಾರಿಯಲ್ಲಿ ಕುಲುಕಿ ಹೊದಿಕೆಯ ಅಂಚು ಸೀಳುತ್ತದೆ. ಎರಡೂ ಬದಿಗೆ ಗಟ್ಟಿ ರಟ್ಟು ಇಡಿ. ಮೂಲೆ ಜಜ್ಜಿದ ದೂರು ಬಂದರೆ ವಾದಿಸದೆ ಬದಲಿ ಕಳಿಸಿ, ಅದಕ್ಕೆಂದೇ 15 ಪ್ರತಿ ತೆಗೆದಿಟ್ಟದ್ದು.

ಕಾರ್ಯಕ್ರಮದಲ್ಲಿ ಮಾರಾಟದ ಮೇಜು ಬಾಗಿಲಿನ ಹತ್ತಿರ, ಬೆಳಕಿರುವಲ್ಲಿ ಇರಲಿ. ಕೊನೆಯ ಹಾಡು ಮುಗಿದ ಕೂಡಲೇ ಬ್ಯಾಂಡಿನ ಒಬ್ಬರಾದರೂ ಅಲ್ಲಿ ನಿಂತಿರಬೇಕು. ಸಣ್ಣ ಲೇಬಲ್‌ನ ದೊಡ್ಡ ಮಾರಾಟ ಆ ಇಪ್ಪತ್ತು ನಿಮಿಷಗಳಲ್ಲೇ ನಡೆಯುತ್ತದೆ.

ಹೆಜ್ಜೆ 12: ಆಮೇಲೆ

ಆರು ತಿಂಗಳಿಗೊಮ್ಮೆ ಲೆಕ್ಕ ಕಳಿಸಿ. ಮಾರಾಟ ಸೊನ್ನೆ ಇದ್ದರೂ ಸೊನ್ನೆ ಎಂದು ಬರೆದು ಕಳಿಸಿ. ಎಷ್ಟು ಮಾಡಿಸಿದ್ದು, ಎಷ್ಟು ಮಾರಿದ್ದು, ಎಷ್ಟು ಹಂಚಿದ್ದು, ಎಷ್ಟು ಉಳಿದದ್ದು ಒಂದು ಹಾಳೆಯಲ್ಲಿ. ಖರ್ಚಿನ ರಸೀದಿಗಳ ನಕಲು ಜೊತೆಗೆ. ಹಣ ಕೊಡುವುದು ತಡವಾಗುವಂತಿದ್ದರೆ ಬ್ಯಾಂಡ್ ಕೇಳುವ ಮುಂಚೆ ನೀವೇ ಫೋನ್ ಮಾಡಿ.

ಮಾಸ್ಟರ್ ಕಡತಗಳು, ಮಿಕ್ಸ್‌ಗಳು, ಬಿಡಿ ಟ್ರ್ಯಾಕ್‌ಗಳು, ಕವರಿನ ಮೂಲ ಕಡತ, ಅಕ್ಷರ ವಿನ್ಯಾಸ, ಒಪ್ಪಂದದ ಪ್ರತಿ, ಐಎಸ್‌ಆರ್‌ಸಿ ಪಟ್ಟಿ, ಇವೆಲ್ಲ ಮೂರು ಕಡೆ ಇರಲಿ. ಎರಡು ಬೇರೆ ಬೇರೆ ಡ್ರೈವ್‌ಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಮನೆಯಲ್ಲಿ. ಮೂರನೆಯ ನಕಲು ಬ್ಯಾಂಡಿನ ಬಳಿ. ವರ್ಷಕ್ಕೊಮ್ಮೆ ಡ್ರೈವ್ ಹಾಕಿ ಕಡತಗಳು ತೆರೆಯುತ್ತವೆಯೇ ನೋಡಿ. ಲೋಹದ ಅಚ್ಚುಗಳನ್ನು ಕಾರ್ಖಾನೆ ಎಷ್ಟು ಕಾಲ ಇಟ್ಟುಕೊಳ್ಳುತ್ತದೆ ಎಂದು ಕೇಳಿ ಬರೆದುಕೊಳ್ಳಿ, ಮರುಮುದ್ರಣಕ್ಕೆ ಅದರಿಂದ ದೊಡ್ಡ ಉಳಿತಾಯ.

ಪರವಾನಗಿಯ ಅವಧಿ ಮುಗಿಯುವ ಆರು ತಿಂಗಳ ಮುಂಚೆ ಬ್ಯಾಂಡಿಗೆ ಪತ್ರ ಬರೆಯಿರಿ: ಉಳಿದಿರುವುದು ಇಷ್ಟು ಪ್ರತಿ, ಮುಂದುವರಿಸೋಣವೇ ಅಥವಾ ಮಾಸ್ಟರ್ ವಾಪಸು ಬೇಕೇ. ನಮ್ಮ ಆ ಎರಡನೇ ಆಲ್ಬಂನ ಅವಧಿ ಮುಗಿದಾಗ ನಾನು ಹೀಗೇ ಬರೆದೆ. ಬ್ಯಾಂಡ್ ಆಗ ಇರಲೇ ಇಲ್ಲ, ಎಲ್ಲರೂ ಬೇರೆ ಬೇರೆ ಕೆಲಸಗಳಲ್ಲಿದ್ದರು. ನಾಲ್ವರೂ ಬಂದು ಕೂತರು, ಲೆಕ್ಕದ ಹಾಳೆಗಳನ್ನೆಲ್ಲ ತಿರುವಿದರು, ಇನ್ನೂ ಐದು ವರ್ಷಕ್ಕೆ ಸಹಿ ಹಾಕಿದರು. ಹೊರಡುವಾಗ ತಲಾ ಎರಡೆರಡು ಪ್ರತಿ ಕೇಳಿ ತೆಗೆದುಕೊಂಡು ಹೋದರು.